ಶಿವನಸಮುದ್ರದಿಂದ ನಮ್ಮ ಪಂಪಿನ ಮನೆಯವರೆಗೆ

ನಮ್ಮ ತೋಟಗಳಿಗೆ ಬೇಸಿಗೆಯಲ್ಲಿ ಬರುವ ಕುರಿಗೊಬ್ಬರದ ಲಾರಿಗಳಲ್ಲಿ ಅನೇಕವು ಚಳ್ಳಕೆರೆ, ಮೊಳಕಾಲ್ಮುರು ಕಡೆಯವು. ಗೊಬ್ಬರದ ಚೌಕಾಸಿ ಮುಗಿದ ಮೇಲೆ ಲಾರಿಯವರೊಡನೆ ಎರಡು ಮಾತು ಆಡಿದವರಿಗೆ ಉಳ್ಳಾರ್ತಿ ಕಾವಲ್ ಎಂಬ ಹೆಸರು ಕಿವಿಗೆ ಬಿದ್ದಿರಬಹುದು. ಚಳ್ಳಕೆರೆ ತಾಲ್ಲೂಕಿನ ಬಯಲು ಹುಲ್ಲುಗಾವಲು ಅದು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾಯ್ದಿಟ್ಟ ಕಾವಲುಗಳ ಸಾಲಿಗೆ ಸೇರಿದ್ದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಹೆಸರಿನಲ್ಲಿ ಬೆಣ್ಣೆಯಿದ್ದರೂ ಆ ತಳಿಯ ಕೀರ್ತಿ ಎಳೆಯುವ ಎತ್ತಿನದು. ದಂಡಿನ ಫಿರಂಗಿ, ಸಾಮಾನು ಸರಂಜಾಮು ಎಳೆದು ಒಂದು ರಾತ್ರಿಯಲ್ಲಿ ದೂರ ಸಾಗುವ ಎತ್ತು ಅದು.

ಹೀಗೆ ನೋಡಿದರೆ ಕಾವಲುಗಳೇ ಅಂದಿನ ಶಕ್ತಿಯ ಕಣಜಗಳು. ಹುಲ್ಲು ಎತ್ತಿನ ಹೊಟ್ಟೆಗೆ ಹೋಗಿ ಬಲವಾಗುತ್ತಿತ್ತು. ಆ ಬಲ ನೇಗಿಲು ಎಳೆಯಿತು, ಗಾಣ ತಿರುಗಿಸಿತು, ಬಯಲುಸೀಮೆಯ ಬಾವಿಗಳಲ್ಲಿ ಕಪಿಲೆ ಎಳೆಯಿತು. ಒಂದು ಜೋಡಿ ಒಳ್ಳೆಯ ಎತ್ತು ದಿನವಿಡೀ ಕೊಡುವ ಬಲ ಸುಮಾರಾಗಿ ಒಂದು ಅಶ್ವಶಕ್ತಿ ಎಂದು ಇಟ್ಟುಕೊಳ್ಳಬಹುದು. ನಾವು ಈಗ ‘ಐದು ಎಚ್‌ಪಿ ಪಂಪು’ ಎನ್ನುವಾಗ ಐದು ಜೋಡಿ ಎತ್ತನ್ನೇ ಹೆಸರಿಸುತ್ತಿದ್ದೇವೆ. ಒಂದೇ ವ್ಯತ್ಯಾಸವೆಂದರೆ ಈ ಎತ್ತುಗಳು ಹುಲ್ಲು ತಿನ್ನುವ ಜಾಗ ಬಲು ದೂರದಲ್ಲಿದೆ.

ಅದೇ ಚಳ್ಳಕೆರೆಯ ಕಾವಲುಗಳಲ್ಲಿ ಈಗ ಬೇರೆ ನೆಲೆಗಳು ಎದ್ದಿವೆ. 2009ರಿಂದ ಈಚೆಗೆ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ, ಖುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ ಸಾವಿರಾರು ಎಕರೆ ಜಮೀನು ಹೋಯಿತು. ಕುರಿ ದನ ಮೇಯಿಸಿಕೊಂಡಿದ್ದವರ ದೂರು ಹಸಿರು ನ್ಯಾಯಾಧಿಕರಣದವರೆಗೂ ಮುಟ್ಟಿತು. ಪಕ್ಕದ ಪಾವಗಡದಲ್ಲಿ ರೈತರ ಒಣಭೂಮಿಯನ್ನು ಗುತ್ತಿಗೆ ಹಿಡಿದು ಎರಡು ಸಾವಿರ ಮೆಗಾವಾಟಿನ ಸೌರ ವಿದ್ಯುತ್ ಪಾರ್ಕು ಮಾಡಿದ್ದಾರೆ. ಎತ್ತು ಬೆಳೆಸುತ್ತಿದ್ದ ಸೀಮೆಯಲ್ಲಿ ಈಗ ವಿದ್ಯುತ್ತಿನ ಬೆಳೆ. ಖುದಾಪುರಕ್ಕೆ ಬಂದ ವಿಜ್ಞಾನ ಸಂಸ್ಥೆ 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು. 1911ರಲ್ಲಿ ಅಲ್ಲಿ ಪಾಠ ಆರಂಭವಾದಾಗ ಇದ್ದ ಬೆರಳೆಣಿಕೆಯ ವಿಭಾಗಗಳಲ್ಲಿ ವಿದ್ಯುತ್ ತಂತ್ರಶಾಸ್ತ್ರವೂ ಒಂದಾಗಿತ್ತು. ಆ ಹೊತ್ತಿಗೆ ಕಾವೇರಿಯ ಕರೆಂಟು ಬೆಂಗಳೂರಿಗೆ ಬಂದು ಆರೇ ವರ್ಷ.

ಕಾವೇರಿಯ ಕರೆಂಟಿನ ಈ ಕಥೆಯನ್ನು ನಮ್ಮ ಸದಸ್ಯ ಬಾಂಧವರಿಗೆ ಹೇಳಲು ಕಾರಣವಿದೆ. ಮಾಘ ಫಾಲ್ಗುಣದಲ್ಲಿ ಪಂಪು ಏಳದೆ ‘ಗುಂಯ್’ ಎನ್ನುವಾಗ, ಮೋಟಾರು ಸುಟ್ಟು ವೈಂಡಿಂಗ್ ಅಂಗಡಿಗೆ ಹೊತ್ತೊಯ್ಯುವಾಗ, ನಾವು ಎದುರಿಸುವ ತೊಂದರೆ ಹೊಸದೇನಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಶಿವನಸಮುದ್ರದ ಇಂಜಿನಿಯರುಗಳು ಬಗೆಹರಿಸಬೇಕಾಗಿದ್ದ ತೊಂದರೆಯೂ ಅದೇ. ಅದರ ಹೆಸರು ದೂರ.

ವಿದ್ಯುತ್ತು ಮನುಷ್ಯನಿಗೆ ಕಂಡದ್ದು ಇಂದು ನಿನ್ನೆಯಲ್ಲ. ಆಕಾಶದ ಮಿಂಚು ಎಲ್ಲರೂ ಕಂಡದ್ದೇ. ಗ್ರೀಕರು ಅಂಬರ್ ಎಂಬ ಹಳದಿ ರಾಳದ ಕಲ್ಲನ್ನು ಉಜ್ಜಿ ಅದು ಹೊಟ್ಟು, ಗರಿ ಸೆಳೆಯುವುದನ್ನು ಬಲ್ಲವರಾಗಿದ್ದರು. ಅಂಬರಿಗೆ ಅವರ ಮಾತಿನಲ್ಲಿ ‘ಎಲೆಕ್ಟ್ರಾನ್’. ಎಲೆಕ್ಟ್ರಿಸಿಟಿ ಎಂಬ ಶಬ್ದದ ಮೂಲ ಅದೇ. 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಅಯಸ್ಕಾಂತದ ಸೆಳೆತವೇ ಬೇರೆ, ಅಂಬರಿನ ಸೆಳೆತವೇ ಬೇರೆ ಎಂದು ಬಿಡಿಸಿ ಬರೆದ. 1752ರಲ್ಲಿ ಮಿಂಚೂ ಅದೇ ವಸ್ತು ಎಂಬುದು ಫ್ರಾಂಕ್ಲಿನ್ನನ ಸಲಹೆಯಂತೆ ನಡೆದ ಪ್ರಯೋಗಗಳಿಂದ ಖಚಿತವಾಯಿತು. ಮರುವರ್ಷ ರಷ್ಯದಲ್ಲಿ ರಿಚ್‌ಮನ್ ಎಂಬ ಪಂಡಿತ ಇದೇ ಪ್ರಯೋಗ ಮಾಡಲು ಹೋಗಿ ಸಿಡಿಲಿಗೆ ಬಲಿಯಾದ. ಮುಂಗಾರಿನ ಮೊದಲ ಗುಡುಗಿನಲ್ಲಿ ಪಂಪಿನ ಮನೆಯ ಸ್ಟಾರ್ಟರ್ ಮುಟ್ಟಲು ಹೋಗುವ ನಮ್ಮವರು ಆತನ ಹೆಸರನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇಷ್ಟೂ ಕಾಲ ಅದು ಕ್ಷಣ ಮಾತ್ರದ ಕಿಡಿ. ಹರಿಯುವ ವಿದ್ಯುತ್ತು ಕೈಗೆ ಸಿಕ್ಕಿದ್ದು ಇಟಲಿಯಲ್ಲಿ, ಅದೂ ಒಂದು ಕಪ್ಪೆಯ ದೆಸೆಯಿಂದ. ಗ್ಯಾಲ್ವಾನಿ ಎಂಬ ಅಂಗರಚನಾ ಶಾಸ್ತ್ರಜ್ಞ ಸತ್ತ ಕಪ್ಪೆಯ ಕಾಲಿಗೆ ಎರಡು ಬಗೆಯ ಲೋಹ ತಾಗಿಸಿದಾಗ ಅದು ಝಾಡಿಸಿತು. ಪ್ರಾಣಿಯ ಒಳಗೇ ವಿದ್ಯುತ್ತಿದೆ ಎಂದು ಆತ ಸಾಧಿಸಿದ. ಅದೇ ದೇಶದ ವೋಲ್ಟಾ ಒಪ್ಪಲಿಲ್ಲ. ಮರ್ಮ ಇರುವುದು ಎರಡು ಲೋಹಗಳಲ್ಲಿ ಎಂದ. ತಾಮ್ರ ಅಥವಾ ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ನಡುವೆ ಉಪ್ಪುನೀರಿನ ಬಟ್ಟೆ, ಹೀಗೆ ಒಂದರ ಮೇಲೊಂದು ಪೇರಿಸಿ 1800ರಲ್ಲಿ ತೋರಿಸಿದ. ನಮ್ಮ ಟಾರ್ಚಿನ ಸೆಲ್ಲು ಆ ಪೇರಿಕೆಯ ವಂಶದ್ದೇ. ಅಳತೆಯ ‘ವೋಲ್ಟು’ ಆತನ ಹೆಸರೇ.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ಕರೆಂಟು ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ಓರೆಯಾಗುವುದನ್ನು ಕಂಡ. ವಿದ್ಯುತ್ತಿನಿಂದ ಅಯಸ್ಕಾಂತ ಆಗುವುದಾದರೆ ಅಯಸ್ಕಾಂತದಿಂದ ವಿದ್ಯುತ್ತು ಏಕಾಗಬಾರದು? ಈ ಪ್ರಶ್ನೆಯನ್ನು ಹತ್ತು ವರ್ಷ ಬಿಡದೆ ಹಿಡಿದವನು ಮೈಕೇಲ್ ಫ್ಯಾರಡೆ. ಕಮ್ಮಾರನ ಮಗ. ಸ್ಕೂಲು ಕಲಿತದ್ದು ಅಷ್ಟಕ್ಕಷ್ಟೆ. ಪುಸ್ತಕದ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದು, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಕಲಿತವನು. ಗಣಿತ ಹೆಚ್ಚು ಬಾರದು, ಆದರೆ ಕೈಯಲ್ಲಿ ಮಾಡಿ ನೋಡದೆ ಯಾವುದನ್ನೂ ನಂಬಲಾರ. 1831ರಲ್ಲಿ ಆತ ಕಂಡದ್ದು ಇಷ್ಟು: ಸುರುಳಿ ಸುತ್ತಿದ ತಂತಿಯೊಳಗೆ ಅಯಸ್ಕಾಂತವನ್ನು ಸುಮ್ಮನೆ ಇಟ್ಟರೆ ಏನೂ ಇಲ್ಲ, ಅದನ್ನು ಒಳಗೆ ಹೊರಗೆ ಆಡಿಸಿದರೆ ತಂತಿಯಲ್ಲಿ ಕರೆಂಟು. ಆಡಿಸುತ್ತಲೇ ಇರಬೇಕು. ಆಡಿಸುವವರು ಯಾರು ಎಂಬುದು ವಿದ್ಯುತ್ತಿಗೆ ಬೇಕಿಲ್ಲ. ಎತ್ತಾಗಬಹುದು, ಉಗಿಯಂತ್ರವಾಗಬಹುದು, ಬೀಳುವ ನೀರಾಗಬಹುದು. ಲೋಕದಲ್ಲಿ ಈವರೆಗೆ ಕಟ್ಟಿರುವ ಜಲವಿದ್ಯುದಾಗಾರಗಳೆಲ್ಲ ಆ ಒಂದು ಆಟದ ದೊಡ್ಡ ರೂಪ. ಅದೇ ವರ್ಷ, ಒಂದು ಕಬ್ಬಿಣದ ಬಳೆಗೆ ಎರಡು ಕಡೆ ಬೇರೆ ಬೇರೆ ತಂತಿ ಸುತ್ತಿ, ಒಂದು ಕಡೆಯ ಕರೆಂಟು ಏರಿಳಿದಾಗ ಇನ್ನೊಂದು ಕಡೆ ಕರೆಂಟು ಹುಟ್ಟುವುದನ್ನೂ ಆತ ತೋರಿಸಿದ. ನಮ್ಮ ಊರಿನ ಕಂಬದ ಮೇಲೆ ಕುಳಿತ ಟ್ರಾನ್ಸ್‌ಫಾರ್ಮರಿನ ತಾತ ಆ ಬಳೆ.

ವಿದ್ಯುತ್ತಿನ ಮೊದಲ ದೊಡ್ಡ ಉಪಯೋಗ ದೀಪದಲ್ಲಿ ಆಗಲಿಲ್ಲ, ಸುದ್ದಿಯಲ್ಲಿ ಆಯಿತು. ಕಲ್ಕತ್ತದಲ್ಲಿ ವೈದ್ಯನಾಗಿದ್ದ ಓಶಾನೆಸಿ 1839ರಲ್ಲೇ ತಂತಿಯ ಪ್ರಯೋಗ ಮಾಡಿದ್ದ. 1851ರಲ್ಲಿ ಕಲ್ಕತ್ತ ಮತ್ತು ಡೈಮಂಡ್ ಹಾರ್ಬರ್ ನಡುವೆ ತಂತಿ ಹಾಕಿದರು. 1854ರ ಹೊತ್ತಿಗೆ ಕಲ್ಕತ್ತ, ಆಗ್ರಾ, ಮುಂಬಯಿ, ಮದರಾಸುಗಳು ತಂತಿಯಿಂದ ಕೂಡಿದ್ದವು. 1870ರಲ್ಲಿ ಸಮುದ್ರದಡಿಯ ಕೇಬಲ್ ಮುಂಬಯಿ ಮುಟ್ಟಿತು. ಅಲ್ಲಿಂದ ಮುಂದೆ ಲಂಡನ್ನಿನ ಕಾಫಿ ಧಾರಣೆ ಹಡಗಿನ ಟಪಾಲಿಗೆ ಕಾಯಬೇಕಾಗಲಿಲ್ಲ. ಆದರೆ ಯಾರಿಗೆ? ತಂತಿ ಕಚೇರಿ ಇದ್ದ ಊರಿನ ಏಜೆಂಟನಿಗೆ, ದೊಡ್ಡ ಎಸ್ಟೇಟಿನ ದೊರೆಗೆ. ಘಟ್ಟದ ಮೇಲೆ ನಾಲ್ಕು ಎಕರೆ ಕಾಫಿ ಇಟ್ಟವನಿಗೆ ಧಾರಣೆ ತಿಳಿಯುವ ಹೊತ್ತಿಗೆ ಅವನ ಮೂಟೆ ಬೇರೆಯವರ ಗೋದಾಮಿನಲ್ಲಿ ಇರುತ್ತಿತ್ತು. ವಿದ್ಯುತ್ತು ಕಾಲಿಟ್ಟ ದಿನದಿಂದಲೂ ತಂತಿಗೆ ಹತ್ತಿರ ಇದ್ದವನಿಗೆ ಒಂದು ನ್ಯಾಯ, ದೂರ ಇದ್ದವನಿಗೆ ಇನ್ನೊಂದು.

ದೀಪದ ಕಥೆಗೆ ಬರೋಣ. 1879ರಲ್ಲಿ ಎಡಿಸನ್ ತಾಳಿಕೆಯ ಬಲ್ಬು ಮಾಡಿದ. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನ ತನ್ನ ವಿದ್ಯುದಾಗಾರದಿಂದ ಸುತ್ತಲಿನ ಮನೆ ಅಂಗಡಿಗಳಿಗೆ ಕರೆಂಟು ಕೊಟ್ಟ. ಅದು ಏಕಮುಖ ಕರೆಂಟು, ಸುಮಾರು 110 ವೋಲ್ಟು. ಒಂದು ಮೈಲಿ ಹೋಗುವಷ್ಟರಲ್ಲಿ ದೀಪ ಮಂಕು. ಊರಿಗೆಲ್ಲ ಬೆಳಕು ಕೊಡಬೇಕಾದರೆ ಮೈಲಿಗೊಂದು ವಿದ್ಯುದಾಗಾರ ಕಟ್ಟಬೇಕು. ಬೀಳುವ ನೀರು ಇರುವುದು ಕಾಡುಕಣಿವೆಯಲ್ಲಿ, ಕೆಲಸ ಇರುವುದು ಪಟ್ಟಣದಲ್ಲಿ, ಇವೆರಡನ್ನೂ ಕೂಡಿಸುವುದು ಹೇಗೆ?

ಉತ್ತರ ಫ್ಯಾರಡೆಯ ಬಳೆಯಲ್ಲಿತ್ತು. ಸಾಗಿಸಬೇಕಾದ ಶಕ್ತಿ ಇಷ್ಟೇ ಎಂದಿದ್ದರೆ, ವೋಲ್ಟೇಜು ಹತ್ತರಷ್ಟು ಏರಿಸಿದಾಗ ಕರೆಂಟು, ಅಂದರೆ ಆಂಪಿಯರು, ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ತಂತಿ ಬಿಸಿಯಾಗಿ ಹೋಗುವ ನಷ್ಟ ಕರೆಂಟಿನ ವರ್ಗದಂತೆ ಇರುವುದರಿಂದ ಅದು ನೂರನೆಯ ಒಂದು ಪಾಲಿಗೆ ಇಳಿಯುತ್ತದೆ. ನೀರಿನ ಭಾಷೆಯಲ್ಲಿ ಹೇಳುವುದಾದರೆ, ಅಗಲ ಕಾಲುವೆಯಲ್ಲಿ ಮಂದವಾಗಿ ಹರಿಸುವ ಬದಲು ಸಣ್ಣ ಪೈಪಿನಲ್ಲಿ ಹೆಚ್ಚು ಒತ್ತಡದಿಂದ ಒಯ್ದಂತೆ. ಹೋಲಿಕೆ ಪೂರ್ತಿ ಸರಿಯಿಲ್ಲ, ಆದರೂ ನಮ್ಮ ಕೆಲಸಕ್ಕೆ ಸಾಕು. ಏರಿಳಿಯುವ ಕರೆಂಟಾದರೆ ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜನ್ನು ಬೇಕಾದಂತೆ ಏರಿಸಬಹುದು, ಇಳಿಸಬಹುದು. 1891ರಲ್ಲಿ ಜರ್ಮನಿಯ ಲೌಫೆನ್ ಎಂಬಲ್ಲಿಂದ ಫ್ರಾಂಕ್‌ಫರ್ಟಿನ ವಸ್ತುಪ್ರದರ್ಶನಕ್ಕೆ 175 ಕಿಲೋಮೀಟರು ದೂರ ಮೂರು ಫೇಸಿನ ಕರೆಂಟು ಒಯ್ದು ತೋರಿಸಿದರು. 1896ರಲ್ಲಿ ನಯಾಗರ ಜಲಪಾತದ ಕರೆಂಟು ಬಫೆಲೋ ಪಟ್ಟಣ ಮುಟ್ಟಿತು. ದೂರ 26 ಮೈಲಿ.

ನಮ್ಮ ದೇಶದಲ್ಲಿ ಜಲವಿದ್ಯುತ್ತಿನ ಮೊದಲ ಯಶಸ್ಸು 1897ರಲ್ಲಿ ಡಾರ್ಜಿಲಿಂಗಿನ ಸಿದ್ರಾಪಾಂಗ್‌ನಲ್ಲಿ. 130 ಕಿಲೋವಾಟು, ಊರಿನ ದೀಪಕ್ಕೆ ಸಾಕಾಗುವಷ್ಟು. ಶಿವನಸಮುದ್ರವೇ ಭಾರತಕ್ಕೆ ಮೊದಲು ಎಂದು ಸಭೆಗಳಲ್ಲಿ ಹೇಳುವವರಿದ್ದಾರೆ. ಅಷ್ಟು ಹೊಗಳಿಕೆ ಬೇಡ. ಶಿವನಸಮುದ್ರದ ಹೆಚ್ಚಳ ಅದರ ಗಾತ್ರದಲ್ಲಿ, ಅದಕ್ಕಿಂತ ಮಿಗಿಲಾಗಿ ಅದು ದಾಟಿದ ದೂರದಲ್ಲಿದೆ.

ಗಂಟು ಬಿದ್ದದ್ದು ಹೀಗೆ. ಕೋಲಾರದ ಚಿನ್ನದ ಗಣಿಗಳು ಆಳಕ್ಕೆ ಇಳಿದಂತೆ ಅದಿರು ಎತ್ತಲು, ನೀರು ಹೊರಹಾಕಲು, ಗಾಳಿ ಒಳಬಿಡಲು, ಕಲ್ಲು ಕುಟ್ಟಲು ಬೇಕಾದ ಬಲ ಏರುತ್ತಲೇ ಹೋಯಿತು. ಎಲ್ಲವೂ ಉಗಿಯಂತ್ರ. ಕಲ್ಲಿದ್ದಲು ದೂರದಿಂದ ಬರಬೇಕು, ಸೌದೆಗೆ ಸುತ್ತಲ ಕಾಡು ಕರಗಬೇಕು. ಇತ್ತ ಕಾವೇರಿ ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿ ಎಂದು ಎರಡಾಗಿ ಧುಮುಕುತ್ತ ಯಾರಿಗೂ ಉಪಯೋಗವಿಲ್ಲದೆ ಹರಿದುಹೋಗುತ್ತಿತ್ತು. ಎರಡನ್ನೂ ಒಂದೇ ಕಾಗದದ ಮೇಲೆ ಇಟ್ಟು ನೋಡಿದವರು ಮೈಸೂರಿನ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್, ಮತ್ತು ಅವರ ಉಪ ಮುಖ್ಯ ಇಂಜಿನಿಯರು ಜೋಲಿ ಡಿ ಲಾಟ್ಬಿನಿಯರ್. ಲಾಟ್ಬಿನಿಯರ್ 1899ರಲ್ಲಿ ಯೂರೋಪ್, ಅಮೆರಿಕ ಸುತ್ತಿ ಹೊಸ ವಿದ್ಯುದಾಗಾರಗಳನ್ನು ಕಣ್ಣಾರೆ ಕಂಡು ಬಂದರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ಗಣಿಗಳ ಪರವಾಗಿ ಜಾನ್ ಟೇಲರ್ ಅಂಡ್ ಸನ್ಸ್ ಕರೆಂಟು ಕೊಳ್ಳಲು ಒಪ್ಪಿಕೊಂಡರು.

ಈ ಒಪ್ಪಿಗೆಯ ವಿಚಾರವನ್ನು ಸಹಕಾರಿಗಳಾದ ನಾವು ಸ್ವಲ್ಪ ನಿಂತು ನೋಡಬೇಕು. ದಿವಾನರು ಜಲಪಾತವನ್ನು ಖಾಸಗಿಯವರಿಗೆ ವಹಿಸದೆ ಸರ್ಕಾರದ ಕೈಯಲ್ಲೇ ಇಟ್ಟುಕೊಂಡರು. ಆದರೆ ಕೊಳ್ಳುವವರು ಗೊತ್ತಾಗದೆ ಒಂದು ಕಲ್ಲನ್ನೂ ಕದಲಿಸಲಿಲ್ಲ. ಇಷ್ಟು ವರ್ಷ, ಇಷ್ಟು ಅಶ್ವಶಕ್ತಿ, ವರ್ಷಕ್ಕೆ ಅಶ್ವಶಕ್ತಿಗೆ ಇಷ್ಟು ದರ ಎಂದು ಮೊದಲು ಕರಾರು, ಆಮೇಲೆ ಗುದ್ದಲಿ. ನಮ್ಮ ನಾಡಿನ ಮೊದಲ ದೊಡ್ಡ ವಿದ್ಯುತ್ ಬಿಲ್ಲು ಯೂನಿಟ್ಟಿನ ಲೆಕ್ಕದಲ್ಲಿ ಬರಲಿಲ್ಲ, ಎಚ್‌ಪಿಗೆ ಇಷ್ಟು ಎಂಬ ಲೆಕ್ಕದಲ್ಲಿ ಬಂತು. ಮುಂದೆ ನೀರಾವರಿ ಪಂಪುಗಳಿಗೆ ಅದೇ ಬಗೆಯ ದರ ಬಂದಾಗ ಅದನ್ನು ಹೊಸ ಪದ್ಧತಿ ಎಂದುಕೊಂಡವರು ಬಹಳ.

ಯಂತ್ರಗಳು ರೈಲಿನಲ್ಲಿ ಮದ್ದೂರಿನವರೆಗೆ ಬಂದವು. ಅಲ್ಲಿಂದ ಮುಂದೆ ಎತ್ತಿನ ಗಾಡಿ ಮತ್ತು ಆನೆ. ವಿದ್ಯುತ್ತು ನಮ್ಮ ಸೀಮೆಗೆ ಬಂದದ್ದೇ ಎತ್ತಿನ ಹೆಗಲ ಮೇಲೆ ಎಂದರೆ ತಪ್ಪಾಗದು. ಕಾಲುವೆ ತೋಡಿ ನೀರನ್ನು ದಡದ ಮೇಲೆ ತಂದು, ಸುಮಾರು ನಾನೂರು ಅಡಿ ಕೆಳಗೆ ಕೊಳವೆಗಳಲ್ಲಿ ಬೀಳಿಸಿದರು. ಮೊದಲಿಗೆ 720 ಕಿಲೋವಾಟಿನ ಆರು ಜನರೇಟರುಗಳು, ಒಟ್ಟು ಸುಮಾರು ಆರು ಸಾವಿರ ಅಶ್ವಶಕ್ತಿ. ನಮ್ಮ ಲೆಕ್ಕದಲ್ಲಿ ಆರು ಸಾವಿರ ಜೋಡಿ ಎತ್ತು, ಹಗಲೂ ಇರುಳೂ ಬಿಡುವಿಲ್ಲದೆ. ಅಲ್ಲಿಂದ ಕೋಲಾರದ ಗಣಿಗೆ 92 ಮೈಲಿ ತಾಮ್ರದ ತಂತಿ, ಅದರಲ್ಲಿ ಮೂವತ್ತು ಸಾವಿರಕ್ಕೆ ಕಡಿಮೆಯಿಲ್ಲದ ವೋಲ್ಟು. ಅಷ್ಟು ದೂರಕ್ಕೆ ದಿನನಿತ್ಯದ ಕೆಲಸಕ್ಕೆ ಕರೆಂಟು ಸಾಗಿಸುವ ಲೈನು ಆಗ ಲೋಕದಲ್ಲೇ ಬಲು ವಿರಳ. ನಯಾಗರದ ಮೊದಲ ಲೈನಿಗಿಂತ ಇದು ಮೂರು ಪಟ್ಟಿಗೂ ಉದ್ದ.

1902ರ ಜೂನ್ 30ರಂದು ಕರೆಂಟು ಗಣಿಗಳನ್ನು ಮುಟ್ಟಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಇರಲಿಲ್ಲ. ಹಿಂದಿನ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಅವರ ಕಾಲದಲ್ಲೇ, 1898ರಲ್ಲಿ, ಚಿತ್ರದುರ್ಗ ಸೀಮೆಯಲ್ಲಿ ಇನ್ನೊಂದು ದೊಡ್ಡ ಕೆಲಸಕ್ಕೆ ಕೈಹಾಕಿದ್ದರು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆ ಅದು. 1907ರಲ್ಲಿ ಮುಗಿದು, ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯವರ ಹೆಸರಿನಲ್ಲಿ ವಾಣಿವಿಲಾಸ ಸಾಗರವಾಯಿತು. ಹಿರಿಯೂರು ಕಡೆಯ ಅಡಿಕೆ, ತೆಂಗಿನ ತೋಟಗಳಿಗೆ ಅದರ ಉಪಕಾರ ದೊಡ್ಡದು. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಆ ಕಟ್ಟೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹೀಗೆ ಒಂದೇ ಕಾಲದಲ್ಲಿ ಕಾವೇರಿಯ ನೀರು ಕರೆಂಟಾಗಿ ಗಣಿಗೆ ಹೋಯಿತು. ವೇದಾವತಿಯ ನೀರು ನೀರಾಗಿಯೇ ಹೊಲಕ್ಕೆ ಹೋಯಿತು. ಚಳ್ಳಕೆರೆ ಕಡೆಯ ರೈತನ ಕಪಿಲೆಗೆ ಮಾತ್ರ ಮುಂದೆ ಹಲವು ದಶಕ ಎತ್ತೇ ಗತಿಯಾಗಿತ್ತು.

ಬೆಂಗಳೂರಿಗೆ ಬೆಳಕು ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್ 5ರಂದು. ಮಾರುಕಟ್ಟೆಯ ಸುತ್ತಿನ ಬೀದಿದೀಪಗಳು ಹೊತ್ತಿದವು. ಏಷ್ಯಾಖಂಡದಲ್ಲೇ ಮೊದಲು ಎಂಬ ಮಾತು ಇಲ್ಲೂ ಉಂಟು. ಕಲ್ಕತ್ತದ ಹ್ಯಾರಿಸನ್ ರಸ್ತೆಯಲ್ಲಿ ಅದಕ್ಕೂ ಹತ್ತು ವರ್ಷಕ್ಕೆ ಮೊದಲೇ ವಿದ್ಯುದ್ದೀಪವಿತ್ತು. 1908ರಲ್ಲಿ ಮೈಸೂರಿನ ಸರದಿ. ಮೊದಲು ಗಣಿ, ಆಮೇಲೆ ರಾಜಧಾನಿ. ಮೂವತ್ತು ಸಾವಿರ ವೋಲ್ಟಿನ ತಂತಿ ಯಾರ ಹೊಲದ ಮೇಲೆ ಹಾದುಹೋಯಿತೋ ಅವರ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು. ಇದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಆ ವೋಲ್ಟೇಜನ್ನು ನಡುದಾರಿಯಲ್ಲಿ ಇಳಿಸಿ ಹತ್ತು ಮನೆಗೆ ಕೊಡುವ ಖರ್ಚಿಗೆ ಹತ್ತು ಮನೆಯ ಬಿಲ್ಲು ಸಾಲದು. ಗಣಿಯವರ ಹಾಗೆ ಇಷ್ಟು ಕೊಳ್ಳುತ್ತೇವೆಂದು ಕರಾರು ಬರೆಯಲು ಹಳ್ಳಿಯವರು ಒಗ್ಗೂಡಿರಲಿಲ್ಲ.

ಇನ್ನೊಂದು ಕೊರತೆ ಬೇಗನೆ ಕಾಣಿಸಿತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಶಿವನಸಮುದ್ರವೂ ಸೊರಗುತ್ತಿತ್ತು. ಹರಿಯುವ ನೀರನ್ನೇ ನಂಬಿದ ವಿದ್ಯುದಾಗಾರದ ಪಾಡು ಅದು. 1911ರಲ್ಲಿ ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಗುವಾಗ ಮುಖ್ಯ ಇಂಜಿನಿಯರಾಗಿದ್ದವರು ವಿಶ್ವೇಶ್ವರಯ್ಯನವರು. ಮಂಡ್ಯದ ಗದ್ದೆಗಳ ಜೊತೆಗೆ, ಗಣಿಗೆ ವರ್ಷವಿಡೀ ತಪ್ಪದೆ ಕರೆಂಟು ಕೊಡುವುದೂ ಆ ಅಣೆಕಟ್ಟೆಯ ಉದ್ದೇಶವಾಗಿತ್ತು. ವಿದ್ಯುತ್ತಿಗೆ ನೀರನ್ನು ಕೂಡಿಡುವ ಯುಗ ಅಲ್ಲಿಂದ ಶುರುವಾಯಿತು. ಕೂಡಿಟ್ಟ ನೀರಿಗೆ ಜಾಗ ಬೇಕು. ಆ ಜಾಗ ಯಾರದ್ದು ಎಂಬ ಪ್ರಶ್ನೆ ಮುಂದೆ ನಮ್ಮ ಮಲೆನಾಡಿಗೇ ಬಂತು.

1948ರಲ್ಲಿ ಜೋಗದ ವಿದ್ಯುದಾಗಾರ ತಿರುಗಿತು. ಅದು ಸಾಲದೆ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ 1964ರಲ್ಲಿ ಮುಗಿಸಿದರು. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳು ಸೇರಿ 1,035 ಮೆಗಾವಾಟು, ಶಿವನಸಮುದ್ರದ ಮೊದಲ ಆರು ಜನರೇಟರುಗಳ ಇನ್ನೂರಕ್ಕೂ ಹೆಚ್ಚು ಪಟ್ಟು. ಎಷ್ಟೋ ಕಾಲ ಇಡೀ ರಾಜ್ಯದ ಗಿರಣಿ, ಕಾರ್ಖಾನೆ, ದೀಪ ಅದರ ಮೇಲೆ ನಿಂತಿತ್ತು. ಅದಕ್ಕಾಗಿ ಸಾಗರ, ಹೊಸನಗರ ಕಡೆಯ ಊರೂರುಗಳೇ ಮುಳುಗಿದವು. ಮುಳುಗಿದ್ದರಲ್ಲಿ ಗದ್ದೆ ಇತ್ತು, ತಲೆಮಾರುಗಳ ಅಡಿಕೆ ತೋಟ ಇತ್ತು. ಅಡಿಕೆ ಮರ ಫಲಕ್ಕೆ ಬರಲು ಎಷ್ಟು ವರ್ಷ ಬೇಕೆಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಗೆ ಬದಲು ಗದ್ದೆ ಕೊಡಬಹುದು, ಬೆಳೆದ ತೋಟಕ್ಕೆ ಬದಲು ತೋಟ ಯಾರು ಕೊಟ್ಟಾರು? ಕಾಡಿನಂಚಿನಲ್ಲಿ ನೆಲೆ ಕೊಟ್ಟವರಿಗೆ ಜಮೀನಿನ ಹಕ್ಕುಪತ್ರದ ತಗಾದೆ ಅರ್ಧ ಶತಮಾನ ಕಳೆದರೂ ಬಗೆಹರಿಯಲಿಲ್ಲ. ಉಳ್ಳಾರ್ತಿ ಕಾವಲಿನ ಕುರಿಗಾರನ ದೂರನ್ನು ಓದುವಾಗ ಶರಾವತಿಯವರ ನೆನಪಾಗುವುದು ಇದರಿಂದಲೇ. ಕರೆಂಟು ಬೇಡವೆಂದು ಇಬ್ಬರೂ ಹೇಳಿದವರಲ್ಲ.

ಈಗ ನಮ್ಮ ಲೈನಿಗೆ ಬರೋಣ. ಸ್ವಲ್ಪ ಲೆಕ್ಕ ಇದೆ, ಬೇಸರಿಸದೆ ಓದಬೇಕು.

ಐದು ಎಚ್‌ಪಿಯ ಮೂರು ಫೇಸಿನ ಮೋಟಾರು 415 ವೋಲ್ಟಿನಲ್ಲಿ ಪೂರ್ತಿ ಕೆಲಸ ಮಾಡುವಾಗ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿನಿಂದ ಹೊರಟ ಲೈನಿನಲ್ಲಿ ಇಂಥ ಹತ್ತು ಪಂಪು ಓಡಿದರೆ 75 ಆಂಪಿಯರ್. ಇನ್ನು ಶಿವನಸಮುದ್ರದ ಲೆಕ್ಕ: ಆರೂ ಜನರೇಟರುಗಳ 4,320 ಕಿಲೋವಾಟನ್ನು ಮೂವತ್ತು ಸಾವಿರ ವೋಲ್ಟಿನಲ್ಲಿ ಕಳಿಸಿದರೆ ಎಂಬತ್ತು ಚಿಲ್ಲರೆ ಆಂಪಿಯರ್. ಅಂದರೆ ಕೋಲಾರದ ಗಣಿಗಳನ್ನೆಲ್ಲ ತಿರುಗಿಸಬಲ್ಲ ಲೈನಿನಲ್ಲಿ ಹರಿಯುವಷ್ಟೇ ಕರೆಂಟು ನಮ್ಮ ಹತ್ತು ಪಂಪಿನ ಲೈನಿನಲ್ಲೂ ಹರಿಯುತ್ತದೆ! ಅದೇ 4,320 ಕಿಲೋವಾಟನ್ನು 415 ವೋಲ್ಟಿನಲ್ಲಿ ಕಳಿಸಹೊರಟಿದ್ದರೆ ಆರು ಸಾವಿರ ಆಂಪಿಯರ್ ಬೇಕಾಗುತ್ತಿತ್ತು. ತಂತಿಯ ನಷ್ಟ ಐದು ಸಾವಿರ ಪಟ್ಟು. ಗಣಿಯವರೆಗೆ ಏನೂ ಉಳಿಯುತ್ತಿರಲಿಲ್ಲ.

ನಾವು ನಮ್ಮ ತೋಟಗಳಲ್ಲಿ ಮಾಡಿಕೊಂಡಿರುವುದು ಹೆಚ್ಚುಕಡಿಮೆ ಇದನ್ನೇ. ಹಿಂದೆ ಒಂದು ಟ್ರಾನ್ಸ್‌ಫಾರ್ಮರ್, ಎರಡು ಪಂಪು ಇತ್ತು. ಆಮೇಲೆ ಹಿಸ್ಸೆಯಾಯಿತು, ಕೊಳವೆಬಾವಿ ಆಯಿತು, ರೊಬಸ್ಟಾಕ್ಕೆ ಹೂಮಳೆಯ ಬದಲು ಸ್ಪ್ರಿಂಕ್ಲರ್ ಬಂತು. ಕಂಬದ ಮೇಲೆ ಕಂಬ ನೆಟ್ಟು ತೆಳುವಾದ ಅಲ್ಯುಮಿನಿಯಂ ತಂತಿಯನ್ನು ಎಳೆದದ್ದೇ ಎಳೆದದ್ದು. ಮೂರು ಫೇಸು ಸಿಗುವ ಗಂಟೆ ಕೆಲವೇ. ಆ ಹೊತ್ತಿಗೆ ಎಲ್ಲರ ಸ್ಟಾರ್ಟರೂ ಒಟ್ಟಿಗೆ ಒತ್ತುತ್ತದೆ. ಕೊನೆಯ ಪಂಪಿನ ಮನೆಯಲ್ಲಿ 415 ಇರಬೇಕಾದ್ದು 300ಕ್ಕೆ ಇಳಿಯುತ್ತದೆ.

300 ಅಂದರೆ ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು ಕಡಿಮೆಯಾಯಿತು, ಹೇಗೋ ಓಡುತ್ತದೆ ಎಂದು ಎಣಿಸುವವರಿದ್ದಾರೆ. ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. 300 ವೋಲ್ಟಿನಲ್ಲಿ ಅದು ಸರಿಸುಮಾರು ಅರ್ಧ. ಬಾವಿಯ ಆಳ ಅರ್ಧವಾಗುವುದಿಲ್ಲವಲ್ಲ! ಅಷ್ಟೇ ನೀರು ಎತ್ತಲು ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ವೈಂಡಿಂಗ್ ಕಾಯುತ್ತದೆ, ಲೈನಿನಲ್ಲಿ ನಷ್ಟ ಇನ್ನೂ ಏರುತ್ತದೆ, ಮುಂದಿನವನ ವೋಲ್ಟೇಜು ಇನ್ನೂ ಇಳಿಯುತ್ತದೆ. ಒಬ್ಬನ ಮೋಟಾರು ಸುಡಲು ಪಕ್ಕದವನ ಮೋಟಾರೂ ಕಾರಣ. ಎರಡೇ ಫೇಸು ಇರುವಾಗ ಕಂಡೆನ್ಸರ್ ಪೆಟ್ಟಿಗೆ ಕಟ್ಟಿ ಕದ್ದು ಓಡಿಸುವವರು ಇದಕ್ಕೆ ತುಪ್ಪ ಸುರಿಯುತ್ತಿದ್ದಾರೆ. ಹೆಸರು ಹೇಳುವುದಿಲ್ಲ, ಅವರಿಗೇ ಗೊತ್ತು.

ಪರಿಹಾರವೂ 1902ರದ್ದೇ. ಹತ್ತು ಪಂಪಿಗೆ 415 ವೋಲ್ಟಿನಲ್ಲಿ ಬೇಕಾಗುವ 75 ಆಂಪಿಯರು 11,000 ವೋಲ್ಟಿನ ಲೈನಿನಲ್ಲಿ ಮೂರು ಆಂಪಿಯರೂ ಆಗುವುದಿಲ್ಲ. ಆದಕಾರಣ ಹೆಚ್ಚು ವೋಲ್ಟಿನ ತಂತಿಯನ್ನು ತೋಟದ ಹತ್ತಿರಕ್ಕೆ ತರಬೇಕು, ಕಡಿಮೆ ವೋಲ್ಟಿನ ತಂತಿಯನ್ನು ಮೊಟಕು ಮಾಡಬೇಕು. ದೂರದ ದೊಡ್ಡ ಟ್ರಾನ್ಸ್‌ಫಾರ್ಮರಿನ ಬದಲು ನಾಲ್ಕು ಪಂಪಿಗೊಂದರಂತೆ 25 ಕೆವಿಎ ಟ್ರಾನ್ಸ್‌ಫಾರ್ಮರುಗಳು ಇದ್ದರೆ ಸಾಕು. ಖರ್ಚು ಇದೆ. ಒಬ್ಬನಿಗೆ ಆಗದ ಮಾತು. ನಾಲ್ವರು ಸೇರಿದರೆ ಆಗುವ ಮಾತು. ಕಾಫಿಗೂ ಅಡಿಕೆಗೂ ವಿದ್ಯುತ್ ದರದ ವರ್ಗವೇ ಬೇರೆ ಬೇರೆಯಾಗಿ ಬಂದಿರುವುದರಿಂದ ಅರ್ಜಿಯಲ್ಲಿ ಯಾವ ಬೆಳೆ, ಎಷ್ಟು ಎಚ್‌ಪಿ ಎಂದು ಸರ್ವೆ ನಂಬರಿನೊಂದಿಗೆ ಸ್ಪಷ್ಟವಾಗಿ ಬರೆಯಬೇಕು. ಇಲ್ಲವಾದರೆ ಕಡತ ಆ ಮೇಜಿನಿಂದ ಈ ಮೇಜಿಗೆ ಹೋಗುತ್ತಲೇ ಇರುತ್ತದೆ.

ಅದಾಗುವವರೆಗೆ ಕೈಯಲ್ಲಿರುವ ಕೆಲಸ ಒಂದಿದೆ. ಐದು ಎಚ್‌ಪಿ ಮೋಟಾರಿಗೆ ಎರಡು ಕೆವಿಎಆರ್ ಕೆಪ್ಯಾಸಿಟರ್ ಜೋಡಿಸಿದರೆ ಲೈನಿನಿಂದ ಎಳೆಯುವ ಕರೆಂಟು ನೂರಕ್ಕೆ ಹತ್ತರಿಂದ ಹದಿನೈದರಷ್ಟು ತಗ್ಗುತ್ತದೆ. ಒಬ್ಬನೇ ಹಾಕಿದರೆ ಅವನಿಗೆ ಕಾಣುವ ಲಾಭ ಅಲ್ಪ. ಲೈನಿನವರೆಲ್ಲ ಹಾಕಿದರೆ ಕೊನೆಯವನ ಪಂಪು ಏಳುತ್ತದೆ. ಹಾಗಾಗಿಯೇ ಇದನ್ನು ಬಿಡಿಬಿಡಿಯಾಗಿ ಹೇಳಿ ಪ್ರಯೋಜನವಿಲ್ಲ, ಲೈನಿಗೆ ಲೈನೇ ಒಪ್ಪಬೇಕು.

ಘೋಷಿಸಿದ ವೋಲ್ಟೇಜಿನಿಂದ ನೂರಕ್ಕೆ ಆರಕ್ಕಿಂತ ಹೆಚ್ಚು ಏರಿಳಿಯಕೂಡದೆಂದು 1956ರ ವಿದ್ಯುತ್ ನಿಯಮಗಳಲ್ಲೇ ಬರೆದಿತ್ತು. 415ಕ್ಕೆ ಅದು 390. ನಮ್ಮಲ್ಲಿ ವೋಲ್ಟೇಜು ಇಲ್ಲ ಎಂದು ಬಾಯಲ್ಲಿ ಹೇಳಿದರೆ ಯಾವ ಕಚೇರಿಯೂ ಕಿವಿಗೊಡದು, ಅಂಕಿ ಬೇಕು. ಪಂಪಿನ ಮನೆಯ ವೋಲ್ಟ್‌ಮೀಟರ್ ಕೆಟ್ಟಿದ್ದರೆ ಸರಿಪಡಿಸಿಕೊಳ್ಳಿ. ಜನವರಿ 15ರಿಂದ ಮಾರ್ಚ್ ಕೊನೆಯವರೆಗೆ, ಮೂರು ಫೇಸು ಬಂದ ಕೂಡಲೇ ಒಮ್ಮೆ, ಒಂದು ಗಂಟೆ ಬಿಟ್ಟು ಇನ್ನೊಮ್ಮೆ, ಮೂರು ಫೇಸಿನ ಓದನ್ನೂ ಬರೆದಿಡಿ. ತಾರೀಖು, ಗಂಟೆ, ಆಗ ಲೈನಿನಲ್ಲಿ ಎಷ್ಟು ಪಂಪು ಓಡುತ್ತಿತ್ತು ಎಂಬುದೂ ಇರಲಿ. ಇದಕ್ಕೆಂದೇ ಗೆರೆ ಎಳೆದ ಪುಸ್ತಕ ಸಂಘದ ಕಚೇರಿಯಲ್ಲಿ ಇಟ್ಟಿದೆ. ಒಂದು ಟ್ರಾನ್ಸ್‌ಫಾರ್ಮರಿಗೆ ಒಂದು ಪುಸ್ತಕ ಸಾಕು. ಲೈನಿನ ಕೊನೆಯ ತೋಟದವರೇ ಅದನ್ನು ಒಯ್ಯಬೇಕು. ಏಪ್ರಿಲ್ ಮೊದಲ ವಾರ ಎಲ್ಲ ಪುಸ್ತಕಗಳನ್ನೂ ಕೂಡಿಸಿ, ಕೊನೆಯ ಪಂಪಿನ ಮನೆಯ ಅಂಕಿಯನ್ನು ಮುಂದಿಟ್ಟು, ಜಂಟಿ ಅರ್ಜಿ ಬರೆಯಲಾಗುವುದು.